ಅಪ್ಪನ ನೀಲಿ ಗಾಜು

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿಬಿಡುವುದು ನನ್ನ ಹುಟ್ಟುಗುಣ. ಓದುವ ಕಾಲದಲ್ಲಿ ಇದಕ್ಕೆ ಶಹಬ್ಬಾಸ್‌ಗಿರಿ ಸಿಗುತ್ತಿತ್ತು. ಸರ್ ಬೋರ್ಡಿನ ಕಡೆ ತಿರುಗಿಕೊಂಡು 'ಗಾಳಿಯಿಂದ ನೀರಿಗೆ ಹೋಗುವಾಗ ಬೆಳಕು...' ಎನ್ನುವಷ್ಟರಲ್ಲಿ ನಾನು ಎದ್ದು ನಿಂತು 'ಬಾಗುತ್ತೆ ಸರ್' ಅಂದಾಗಿರುತ್ತಿತ್ತು. ಉಳಿದ ಹುಡುಗಿಯರು ಹಲ್ಲು ಕಡಿಯುತ್ತಿದ್ದರು. ಮನೆಯಲ್ಲಿ ಅಪ್ಪ ಒಬ್ಬರೇ ಇದನ್ನು ಮೆಚ್ಚಲಿಲ್ಲ. "ಕೇಳಾವ್ರ ಮಾತು ಇನ್ನಾ ಬಾಯಾಗ ಇರ್ತೈತಿ, ನೀ ಹೇಳೇಬಿಡ್ತಿ. ಪೂರಾ ಕೇಳಿಸ್ಕೊಂಡ್ರ ನಿಂದೇನ ಹೊಕ್ಕೈತಿ?" ಎನ್ನುತ್ತಿದ್ದರು. ಏನು ಹೋಗುತ್ತದೆ ಎಂಬುದು ನನಗೆ ಐವತ್ತರ ಹತ್ತಿರ ಬಂದಾಗ ತಿಳಿಯಿತು. ಹೋದದ್ದು ನನ್ನದಲ್ಲ, ಅವರದು.

ಅಪ್ಪ ಬಾಗಲಕೋಟೆ ಕಡೆಯವರು. ಕೇಂದ್ರ ಸರ್ಕಾರದ ರಕ್ಷಣಾ ಕಾರ್ಖಾನೆಯೊಂದರಲ್ಲಿ ಕುಲುಮೆಯ ಕೆಲಸ ಸಿಕ್ಕಿ ಇಪ್ಪತ್ತೆರಡನೇ ವಯಸ್ಸಿಗೆ ಹೈದರಾಬಾದಿಗೆ ಬಂದರು. ಮೂವತ್ತಾರು ವರ್ಷ ಅದೇ ಕುಲುಮೆಯ ಮುಂದೆ ನಿಂತು ನಿವೃತ್ತರಾದರು. ಉಕ್ಕಿನ ತುಂಡುಗಳನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಗಟ್ಟಿ ಮಾಡುವ ವಿಭಾಗ ಅದು. ಎಷ್ಟು ಕಾದಿದೆ ಎಂದು ತೋರಿಸುವ ಮೀಟರು ಗೋಡೆಯ ಮೇಲಿತ್ತಂತೆ, ಆದರೆ ಅದನ್ನು ನೋಡಿ ಕೆಲಸ ಮಾಡುವವರು ಹೊಸಬರು ಮಾತ್ರ. ಅಪ್ಪ ಬಾಗಿಲು ತೆಗೆಸಿ, ನೀಲಿ ಗಾಜನ್ನು ಕಣ್ಣಿಗೆ ಅಡ್ಡ ಹಿಡಿದು ಒಳಗೆ ನೋಡುತ್ತಿದ್ದರು. ಬರಿಗಣ್ಣಿಗೆ ಕುಲುಮೆಯೊಳಗೆ ಬೆಂಕಿಯ ಝಳ ಬಿಟ್ಟು ಏನೂ ಕಾಣುವುದಿಲ್ಲ. ಗಾಜಿನ ಮೂಲಕ ನೋಡಿದರೆ ಕಾದ ಉಕ್ಕು ನೇರಳೆಗೂ ಗುಲಾಬಿಗೂ ನಡುವಿನ ಯಾವುದೋ ಬಣ್ಣದಲ್ಲಿ ಬೇರೆಯಾಗಿ ಕಾಣುತ್ತದೆ. "ಇನ್ನಾ ಬದನಿಕಾಯಿ ಐತಿ, ಗುಲಾಬಿ ಆಗ್ಲಿ ತಡೀರಿ" ಎಂದು ಅಪ್ಪ ಹೇಳಿದರೆ ಇಂಜಿನಿಯರುಗಳೂ ತಡೆಯುತ್ತಿದ್ದರು.

ಆ ಗಾಜು ಅಂಗೈಯಗಲದ್ದು. ಸಾಗುವಾನಿಯ ಚೌಕಟ್ಟು, ಕೆಳಗೊಂದು ಹಿಡಿ, ಮೇಲುನೋಟಕ್ಕೆ ಹಳೆಯ ಕಾಲದ ಮುಖ ನೋಡುವ ಕನ್ನಡಿ. ನಾವು ಕ್ವಾರ್ಟರ್ಸಿನಲ್ಲಿದ್ದಾಗ ಅದು ಮನೆಗೆ ಬರುತ್ತಿರಲಿಲ್ಲ, ಕಾರ್ಖಾನೆಯ ಸಾಮಾನು. ನಿವೃತ್ತಿಯ ದಿನ ಆಫೀಸಿನವರು ಒಂದು ಗೋಡೆ ಗಡಿಯಾರ ಕೊಟ್ಟರು. ಜೊತೆಗಾರರು ಸಾಹೇಬರ ಕಾಲು ಹಿಡಿದು ಆ ಗಾಜನ್ನು ಕೇಳಿ ಪಡೆದು, ಅರಿಶಿನ ಕುಂಕುಮ ಹಚ್ಚಿ ಅಪ್ಪನ ಕೈಗಿತ್ತರು. ಗಡಿಯಾರವನ್ನು ಅಪ್ಪ ನನ್ನ ಕೈಯಲ್ಲಿ ಗೋಡೆಗೆ ಹಾಕಿಸಿದರು. ಗಾಜನ್ನು ತಾವೇ ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟುಕೊಂಡರು.

ಕಾರ್ಖಾನೆಯೊಳಗೆ ಮನೆಯವರನ್ನು ಬಿಡುತ್ತಿದ್ದದ್ದು ವರ್ಷಕ್ಕೆ ಒಂದೇ ದಿನ, ಆಯುಧಪೂಜೆಗೆ. ನಾನು ಎಂಟೋ ಒಂಬತ್ತೋ ವರ್ಷದವಳಿದ್ದಾಗ ಅಪ್ಪ ನನ್ನನ್ನು ಕುಲುಮೆಯಿಂದ ಹತ್ತು ಹೆಜ್ಜೆ ದೂರ ನಿಲ್ಲಿಸಿದರು. ಬಾಗಿಲಿಗೆ ಚೆಂಡುಹೂವಿನ ಮಾಲೆ ಹಾಕಿದ್ದರು, ಒಳಗೆ ಬೆಂಕಿ ಸಣ್ಣಗೆ ಉರಿಯುತ್ತಿತ್ತು, ಬಾಗಿಲು ಮಾತ್ರ ಭದ್ರ ಮುಚ್ಚಿತ್ತು. "ಕಣ್ಣು ಮುಚ್ಚಿಕೊಂಡು ಒಂದೊಂದ ಹೆಜ್ಜಿ ಬಾ. ಬೆಂಕಿ ಗಲ್ಲಕ್ಕ ತಾಕಿದ ಕೂಡ್ಲೆ ಹೇಳು" ಎಂದರು. ಮೂರನೇ ಹೆಜ್ಜೆಗೆ ನನ್ನ ಗಲ್ಲ ಬೆಚ್ಚಗಾಯಿತು. ಕಣ್ಣು ಬಿಟ್ಟರೆ ಕರಿಯ ಬಾಗಿಲು, ಒಂದು ಕಿಡಿ ಬೆಳಕೂ ಇಲ್ಲ.

"ಅಲ್ಲಿ ಬೆಳಕs ಇಲ್ಲ, ಮತ್ತ ನಿನ್ನ ಗಲ್ಲಕ್ಕ ಏನ ಬಂತು?" ಎಂದು ಕೇಳಿದರು. ನಾನು ಎಂದಿನಂತೆ "ಶಾಖ" ಎಂದುಬಿಟ್ಟೆ. ಅಪ್ಪ ನಕ್ಕರು. "ಹೆಸರ ಹೇಳಿದಿ. ನಾ ಹೇಳೂದ ಕೇಳು. ಬೆಂಕಿಯೊಳಗ ಎರಡ ನಮೂನಿ ಬೆಳಕ ಇರ್ತಾವ, ಕಣ್ಣಿಗೆ ಕಾಣೂದೊಂದು, ಗಲ್ಲಕ್ಕ ಕಾಣೂದೊಂದು. ಈ ಗಾಜು ಕಣ್ಣಿಗೆ ಕಾಣೂದನ್ನ ತಡೀತೈತಿ. ಗಲ್ಲಕ್ಕ ಕಾಣೂದನ್ನ ತಡೀತೈತೋ ಇಲ್ಲೋ ನನಗ ಗೊತ್ತಿಲ್ಲ. ಅದಕ್ಕs ನಾ ಮೂರ ಉಸಿರ ನೋಡ್ತೀನಿ, ನಾಕನೇ ಉಸಿರಿಗೆ ಮುಖಾ ತಿರುಗಿಸ್ತೀನಿ." ಆ ವಿಭಾಗದಲ್ಲಿ ಇದು ಎಲ್ಲರೂ ಪಾಲಿಸುತ್ತಿದ್ದ ಪದ್ಧತಿ. ಮೂರು ಉಸಿರು, ಅಥವಾ ಗಲ್ಲ ಚುರುಗುಟ್ಟುವವರೆಗೆ, ಯಾವುದು ಮೊದಲೋ ಅದು. ಯಾವ ನಿಯಮದ ಹಲಗೆಯಲ್ಲೂ ಅದನ್ನು ಬರೆದಿರಲಿಲ್ಲ. ಹಿರಿಯ ಕೆಲಸಗಾರರು ಹೊಸಬರಿಗೆ ಬೈದು ಕಲಿಸುತ್ತಿದ್ದರು.

ಆ ಗಲ್ಲದ ಪಾಠವೇ ನನ್ನನ್ನು ಫಿಸಿಕ್ಸ್ ಟೀಚರ್ ಮಾಡಿತು. ಕೂಕಟ್‌ಪಲ್ಲಿಯ ಒಂದು ಶಾಲೆಯಲ್ಲಿ ಎಂಟು, ಒಂಬತ್ತು, ಹತ್ತನೇ ತರಗತಿಗಳಿಗೆ ಇಪ್ಪತ್ತು ವರ್ಷದ ಮೇಲಾಯಿತು ಶಾಖ, ಬೆಳಕು, ಶಬ್ದ ಪಾಠ ಮಾಡುತ್ತಾ ಬಂದಿದ್ದೇನೆ. ಮದುವೆಯಾಗಲಿಲ್ಲ. ಆ ಕಥೆ ಬೇರೆ, ಅದರಲ್ಲಿ ಅಳುವಂಥದ್ದೇನಿಲ್ಲ. ಅಪ್ಪ ನಿವೃತ್ತರಾದ ಮೇಲೆ ಮೂವರೂ ಶಾಲೆಗೆ ಹತ್ತಿರದ ಫ್ಲಾಟಿಗೆ ಬಂದೆವು. ನಮ್ಮ ಕಡೆ ಮಕ್ಕಳು ಟೀಚರಮ್ಮನನ್ನು 'ಅಕ್ಕಾರ' ಎಂದು ಕರೆಯುತ್ತಾರೆ. ನನಗೆ ಕೆಲಸ ಸಿಕ್ಕ ದಿನದಿಂದ ಅಪ್ಪನೂ ನನ್ನನ್ನು ಹಾಗೇ ಕರೆಯತೊಡಗಿದರು. "ಅಕ್ಕಾರ, ಚಾ ಆಗೇತ್ರಿ" ಎಂದು ಲೋಟ ಹಿಡಿದು ಬರುತ್ತಿದ್ದರು. ಅರ್ಧ ಚೇಷ್ಟೆ, ಅರ್ಧ ಹೆಮ್ಮೆ.

ನಾನೂ ಅವರ ಬಗ್ಗೆ ಕಡಿಮೆ ಜಂಬ ಪಟ್ಟವಳಲ್ಲ. ಕಣ್ಣಿಗೆ ಕಾಣದ ಕಿರಣಗಳ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಅಪ್ಪನ ಕುಲುಮೆಯ ಕಥೆ ಹೇಳುತ್ತಿದ್ದೆ. ಅಷ್ಟು ವರ್ಷ ಬೆಂಕಿ ನೋಡಿದವರು ಎಪ್ಪತ್ತು ದಾಟಿದ ಮೇಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾರೆ ಎನ್ನುತ್ತಿದ್ದೆ. ಅದು ನಿಜವೂ ಆಗಿತ್ತು. ಅವ್ವ ಕೌದಿ ಹೊಲಿಯುವಾಗ ಹತ್ತು ಸೂಜಿಗಳಿಗೆ ದಾರ ಹಾಕಿ ದಿಂಬಿಗೆ ಚುಚ್ಚಿಡುವುದು ಅಪ್ಪನ ಕೆಲಸ. ಅವ್ವನ ಕಣ್ಣು ಎಂದೋ ಮಂಜಾಗಿತ್ತು. "ಬೆಂಕಿ ನೋಡಿದಾವ್ರ ಕಣ್ಣು ನೆಟ್ಟಗದಾವ, ಒಲಿ ನೋಡಿದಾಕಿ ಕಣ್ಣು ಹಾಳಾದ್ವು" ಎಂದು ಗೊಣಗುತ್ತಿದ್ದಳು.

ಕೊರೋನಾ ಬಂದ ವರ್ಷದ ಜೂನ್ ತಿಂಗಳಲ್ಲಿ ಒಂದು ಸೂರ್ಯಗ್ರಹಣವಾಯಿತು. ಅಂದು ಭಾನುವಾರ. ಶಾಲೆಗಳು ಮುಚ್ಚಿ, ಪಾಠವೆಲ್ಲ ಫೋನಿಗೆ ಬಂದು, ಮಕ್ಕಳು ಬೇಸತ್ತುಹೋಗಿದ್ದ ದಿನಗಳು. ಗ್ರಹಣದ ಹೊತ್ತಿಗೆ ಸರಿಯಾಗಿ ಒಂದು ವಿಶೇಷ ತರಗತಿ ಮಾಡಿ ಎಂದು ಶಾಲೆಯವರು ಕೇಳಿದರು. ನಾನು ಕುಣಿದುಕೊಂಡು ಒಪ್ಪಿದೆ. ರಟ್ಟಿಗೆ ಸೂಜಿಯಿಂದ ಒಂದು ತೂತು ಮಾಡಿ, ಅದರೊಳಗಿಂದ ಬಿಸಿಲನ್ನು ಗೋಡೆಯ ಮೇಲೆ ಬೀಳಿಸಿ, ತುಂಡಾದ ಸೂರ್ಯನನ್ನು ಗೋಡೆಯ ಮೇಲೆಯೇ ತೋರಿಸುವ ಯೋಚನೆ ನನ್ನದು.

ಅವ್ವನ ಗ್ರಹಣ ಬೇರೆ ಥರದ್ದು. ಬೆಳಿಗ್ಗೆ ಬೇಗ ಎದ್ದು, ನೀರಿನ ಕೊಡಕ್ಕೆ, ಉಪ್ಪಿನಕಾಯಿ ಭರಣಿಗೆ, ಹಾಲಿನ ಪಾತ್ರೆಗೆ ಒಂದೊಂದು ಎಳೆ ದರ್ಭೆ ಹಾಕಿ, ಒಲೆ ಆರಿಸಿ, ಪರದೆ ಎಳೆದು, ಜಪಸರ ಹಿಡಿದು ದೇವರ ಮುಂದೆ ಕೂತಳು. ಅಪ್ಪ ಕಪಾಟಿನಿಂದ ಧೋತರದ ಗಂಟು ತೆಗೆಯುವುದು ಅವಳ ಕಿವಿಗೆ ಬಿತ್ತು.

"ಎಲ್ಲಿಗ್ರಿ?"

"ಮಾಳಿಗಿ ಮ್ಯಾಲ. ನನ್ನ ಗಾಜಿನಾಗ ಸೂರ್ಯ ಹೆಂಗ ಕಾಣ್ತಾನ ನೋಡಿ ಬರ್ತೀನಿ."

"ಗ್ರಹಣ ನೋಡಬಾರ್ದು ಅಂತ ಹಿರ್ಯಾರು ಸುಮ್ನ ಹೇಳ್ಯಾರೇನ್ರಿ? ಬ್ಯಾಡ."

"ಮನ್ಯಾಗ ಫಿಸಿಕ್ಸ್ ಅಕ್ಕಾರ ಅದಾರ. ಅವ್ರನ್ನ ಕೇಳೇ ಹೊಕ್ಕೀನಿ, ಆತಿಲ್ಲೊ?"

ಹೀಗೆ ಅವ್ವನ ಸಮಾಧಾನಕ್ಕೆ ಅವರು ನನ್ನ ಕೋಣೆಯ ಬಾಗಿಲಿಗೆ ಬಂದರು. ನಾನು ಕಿಟಕಿಯ ಹತ್ತಿರ ಒಂದು ಕೈಯಲ್ಲಿ ರಟ್ಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ನಿಂತಿದ್ದೆ. ಹೊರಗೆ ಮೋಡ ಸರಿಯುವುದೂ ಮುಚ್ಚುವುದೂ ನಡೆದಿತ್ತು. ಸೂರ್ಯನನ್ನು ನೇರ ನೋಡಬಾರದು, ಎಕ್ಸ್‌ರೇ ಫಿಲ್ಮ್ ಹಿಡಿದೂ ನೋಡಬಾರದು, ಕೂಲಿಂಗ್ ಗ್ಲಾಸ್ ಹಾಕಿಕೊಂಡೂ ನೋಡಬಾರದು ಎಂದು ಆಗತಾನೇ ಮಕ್ಕಳಿಗೆ ಹೇಳಿದ್ದೆ. ವೆಲ್ಡಿಂಗ್ ಮಾಡುವವರ ಗಾಜು, ಅದೂ ಅತಿ ಗಾಢವಾದದ್ದು, ಆಗಬಹುದು ಎಂದೂ ಹೇಳಿದ್ದೆ. ಯಾರೋ ಒಬ್ಬ ಹುಡುಗಿ ಏನೋ ಕೇಳುತ್ತಿದ್ದಳು, ಅವಳ ದನಿ ಕಡಿದು ಕಡಿದು ಬರುತ್ತಿತ್ತು.

"ಅಕ್ಕಾರ, ಈ ಗಾಜು ಸೂರ್ಯಗ ನಡೀತೈತೇನ? ಇಲ್ಲಾ ಅಂದ್ರ ನಮ್ಮ ಆ ಮೂರು..." ಎಂದರು ಅಪ್ಪ.

ನಾನು ಫೋನಿನ ಮೇಲೆ ಅಂಗೈ ಮುಚ್ಚಿ, ಅವರ ಕಡೆ ತಿರುಗದೆ, "ನಡೀತೈತಿ, ನಡೀತೈತಿ. ಕುಲುಮಿಗೆ ನಡದದ್ದು ಅದಕ್ಕ ನಡ್ಯಂಗಿಲ್ಲೇನ?" ಎಂದೆ. ಕೈಯಿಂದ ಹೋಗಿ ಎಂದು ಸನ್ನೆ ಮಾಡಿದೆ. ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ಕೇಳಿತು. ನಾನು ಮಕ್ಕಳ ಕಡೆ ತಿರುಗಿದೆ.

ನನ್ನ ತಲೆಯಲ್ಲಿ ಕುಲುಮೆಯ ಗಾಜೂ ವೆಲ್ಡಿಂಗ್ ಗಾಜೂ ಒಂದೇ ಗೂಡಿನಲ್ಲಿ ಕೂತಿದ್ದವು. ಅವೆರಡೂ ಒಂದೇ ಅಲ್ಲ. ಆ ನೀಲಿ ಗಾಜು ಕಣ್ಣು ಕುಕ್ಕುವ ಹಳದಿಯನ್ನು ತಡೆಯುತ್ತದೆ, ಅಷ್ಟೇ. ನೀಲಿ ಬೆಳಕನ್ನು ಬಿಡುತ್ತದೆ, ಶಾಖದ ಕಿರಣವನ್ನೂ ಬಿಡುತ್ತದೆ, ಕಣ್ಣಿಗೆ ಮಾತ್ರ ತಂಪೆನಿಸುತ್ತದೆ. ಮೂವತ್ತಾರು ವರ್ಷ ಅಪ್ಪನ ಕಣ್ಣು ಕಾಪಾಡಿದ್ದು ಆ ಗಾಜಿಗಿಂತ ಹೆಚ್ಚಾಗಿ ಮೂರು ಉಸಿರಿನ ಪದ್ಧತಿ. ಇದನ್ನು ಆಮೇಲೆ ಓದಿ ತಿಳಿದುಕೊಂಡೆನೆಂದು ಹೇಳಿದರೆ ಸುಳ್ಳಾಗುತ್ತದೆ. ನನಗೆ ಮೊದಲೇ ಗೊತ್ತಿತ್ತು. ಚಿಕ್ಕವಳಿದ್ದಾಗ ಅಪ್ಪನೇ ಆ ಅನುಮಾನ ಹೇಳಿದ್ದರು, ಎಂಎಸ್ಸಿಯಲ್ಲಿ ಇನ್ನೊಮ್ಮೆ ಓದಿದ್ದೆ. ಗೊತ್ತಿದ್ದದ್ದು ನಾಲಿಗೆಗೆ ಬರಲು ಅರ್ಧ ನಿಮಿಷ ಬೇಕಾಗಿತ್ತು. ಆ ಅರ್ಧ ನಿಮಿಷವನ್ನು ನಾನು ಕೊಡಲಿಲ್ಲ.

ಹೆಚ್ಚುಕಡಿಮೆ ಒಂದು ಗಂಟೆಯ ಮೇಲೆ ಅಪ್ಪ ಕೆಳಗೆ ಬಂದರು. ಮುಖ ಅರಳಿತ್ತು. "ಯಾರೋ ಒಂದ ಕಡಿ ಕಚ್ಚಿದ ರೊಟ್ಟಿ ಇದ್ದಂಗ ಇದ್ದಾ ನೋಡು ಸೂರ್ಯಪ್ಪ. ಎಂಥಾ ಗುಲಾಬಿ ಬಣ್ಣ! ಮೋಡ ಸರದಾಗೊಮ್ಮೆ ನೋಡಿದ್ನಿ. ಗಲ್ಲಕ್ಕ ಒಂದೀಟೂ ಬಿಸಿ ತಾಕಲಿಲ್ಲ, ಅದಕ್ಕ ಆರಾಮ ನಿಂತ ನೋಡಿದ್ನಿ. ನೀ ಹೇಳಿದ್ದು ಖರೆ ಆತು ಅಕ್ಕಾರ, ಗಾಜು ಭಾಳ ಚಲೋ ನಡೀತು" ಎಂದರು. ಮೋಡದ ತಂಪು, ಜೂನ್ ತಿಂಗಳ ಗಾಳಿ. ಕುಲುಮೆಯ ಮುಂದೆ ಎಚ್ಚರಿಸುತ್ತಿದ್ದ ಗಲ್ಲ ಅಂದು ಅವರಿಗೆ ಏನನ್ನೂ ಹೇಳಲಿಲ್ಲ. ಕಣ್ಣಿನ ಹಿಂದಿನ ಪರದೆಗಂತೂ ನೋವೆಂಬುದೇ ಗೊತ್ತಾಗುವುದಿಲ್ಲ. ಅದು ಸುಡುವಾಗ ಮನುಷ್ಯ ಹಾಯಾಗಿ ನಿಂತಿರುತ್ತಾನೆ.

ಆಗಲೂ ನನಗೆ ಹೊಳೆಯಲಿಲ್ಲ. ಗ್ರಹಣ ಬಿಟ್ಟಿತು, ಅವ್ವ ಸ್ನಾನ ಮಾಡಿ ಒಲೆ ಹಚ್ಚಿದಳು, ಮೂವರೂ ಅನ್ನ ಸಾರು ಉಂಡೆವು. ನನ್ನ ತರಗತಿ ಚೆನ್ನಾಗಿತ್ತೆಂದು ಪೋಷಕರು ಮೆಸೇಜ್ ಕಳಿಸಿದ್ದರು. ಅವನ್ನು ಓದುತ್ತಾ ಕೂತಿದ್ದೆ.

ಮರುದಿನ ಬೆಳಿಗ್ಗೆ ಅಪ್ಪ ಗಡಿಯಾರದ ಕೆಳಗೆ ನಿಂತಿದ್ದರು. ಕಣ್ಣು ತಿಕ್ಕಿಕೊಂಡರು, ಮತ್ತೆ ನೋಡಿದರು. ಚಾ ತಂದಿದ್ದ ನನ್ನನ್ನು ನೋಡಿ, "ಅಕ್ಕಾರ, ಇದರ ಮುಳ್ಳು ಯಾರರ ತಗದೀರೇನ?" ಎಂದರು. ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು, ಮುಳ್ಳುಗಳು ಇದ್ದಲ್ಲೇ ಇದ್ದವು. ಸುತ್ತಲಿನ ಅಂಕಿಗಳು ಕಾಣುತ್ತವೆ, ನಡುವೆ ಏನೂ ಇಲ್ಲ ಎಂದರು. ಆಮೇಲೆ ನನ್ನ ಮುಖ ನೋಡಿದರು. "ನಿನ್ನ ಕೂದಲಾ ಕಾಣ್ತೈತಿ, ಕಿವಿ ಕಾಣ್ತೈತಿ. ಮೂಗು ಬಾಯಿ ಎಲ್ಲಿ ಅದಾವ?" ಎಂದು ಬಹಳ ಮೆಲ್ಲಗೆ ಕೇಳಿದರು, ಅವ್ವನಿಗೆ ಕೇಳಿಸದಂತೆ.

ಲಾಕ್‌ಡೌನಿನಲ್ಲಿ ನಿಂತ ಮೆಟ್ರೋ ಇನ್ನೂ ಓಡುತ್ತಿರಲಿಲ್ಲ. ಹಿಮಾಯತ್‌ನಗರದಲ್ಲಿ ಒಬ್ಬರು ಕಣ್ಣಿನ ಡಾಕ್ಟರು ನೋಡುತ್ತಾರೆಂದು ತಿಳಿದು ಆಟೋ ಹಿಡಿದು ಹೋದೆವು. ದಾರಿಯುದ್ದಕ್ಕೂ ಅಪ್ಪ ಮಾಸ್ಕಿನ ಮೇಲಿಂದ ಅಂಗಡಿಗಳ ಬೋರ್ಡುಗಳನ್ನು ಓದಲು ನೋಡುತ್ತಿದ್ದರು, ನಾನು ಅವರ ಮೊಣಕೈ ಹಿಡಿದು ಕೂತಿದ್ದೆ. ಯಂತ್ರದಲ್ಲಿ ಅಪ್ಪನ ಗದ್ದ ಇರಿಸಿ ಬಹಳ ಹೊತ್ತು ನೋಡಿದ ಡಾಕ್ಟರು ಪರದೆಯ ಮೇಲೆ ಒಂದು ಚಿತ್ರ ತೋರಿಸಿದರು. ಕಿತ್ತಳೆ ಬಣ್ಣದ ಹಾಳೆಯ ನಡುಮಧ್ಯೆ ಒಂದು ಸಣ್ಣ ಕಲೆ, ಎರಡೂ ಕಣ್ಣಿನಲ್ಲಿ. ಒಂದು ಬದಿ ಕಚ್ಚಿದ ರೊಟ್ಟಿಯ ಆಕಾರ ಅದಕ್ಕಿತ್ತು.

ನಾನು ಪ್ರತಿ ವರ್ಷ ಶಾಲೆಯ ಮೈದಾನದಲ್ಲಿ ಭೂತಗನ್ನಡಿ ಹಿಡಿದು ಕಾಗದ ಸುಡುವ ಪ್ರಯೋಗ ಮಾಡಿಸುವವಳು. ಕಾಗದದ ಮೇಲೆ ಬೀಳುವ ಆ ಪುಟ್ಟ ಬಿಳಿ ಚುಕ್ಕೆ ಬರಿಯ ಬೆಳಕಲ್ಲ, ಅದು ಸೂರ್ಯನದೇ ಚಿತ್ರ ಎಂದು ಹೇಳಿ ಮಕ್ಕಳನ್ನು ಬೆರಗುಗೊಳಿಸುವವಳು. ಅಪ್ಪನ ಕಣ್ಣೊಳಗಿನ ಸೂರ್ಯನ ಚಿತ್ರವನ್ನು ನೋಡುತ್ತಾ ಪಕ್ಕದ ಸ್ಟೂಲಿನ ಮೇಲೆ ಕೂತೆ.

ಡಾಕ್ಟರು ಹಿಂದಿಯಲ್ಲಿ, ಏನು ಹಿಡಿದು ನೋಡಿದಿರಿ, ಯಾರೂ ಬೇಡವೆನ್ನಲಿಲ್ಲವೇ ಎಂದು ಕೇಳಿದರು. ನಾನು ಬಾಯಿ ತೆರೆದೆ. ಜೀವಮಾನದಲ್ಲಿ ಮೊದಲ ಬಾರಿಗೆ ನನಗಿಂತ ಮೊದಲು ಅಪ್ಪ ಉತ್ತರ ಹೇಳಿದರು, ತಮ್ಮ ಕಾರ್ಖಾನೆಯ ಹಿಂದಿಯಲ್ಲಿ: "ಕುಛ್ ನೈ ಪಕಡಾ ಸಾಬ್, ಐಸೈಚ್ ದೇಖಾ. ಬೇಟಿ ಸೈನ್ಸ್ ಟೀಚರ್ ಹೈ, ಉನೇ ಮನಾ ಕರೀ. ಮೈಚ್ ಸುನಾ ನೈ." ಏನೂ ಹಿಡಿಯದೆ ಹಾಗೇ ನೋಡಿದೆ, ಮಗಳು ಬೇಡವೆಂದಿದ್ದಳು, ನಾನೇ ಕೇಳಲಿಲ್ಲ. ಡಾಕ್ಟರು ನನ್ನ ಕಡೆ ನೋಡಿ ಪಾಪ ಎನ್ನುವಂತೆ ತಲೆಯಾಡಿಸಿದರು. ನಾನು ಸುಮ್ಮನಿದ್ದೆ. ಆ ಸುಮ್ಮನಿರುವಿಕೆಗೆ ಇಂದಿಗೂ ನನಗೆ ನನ್ನ ಮೇಲೆ ಅಸಹ್ಯವಿದೆ.

ಮನೆಗೆ ಬಂದು ಅವ್ವನಿಗೂ ಅಪ್ಪ, ಮಗಳು ಬೇಡವೆಂದರೂ ನಾನೇ ಕೇಳಲಿಲ್ಲ ಎಂದು ಹೇಳಿದರು. ಅವ್ವ ಅಳುತ್ತಾ ಬೈದಳು, ಬೈಯುತ್ತಾ ಅತ್ತಳು. "ಮಗಳು ಬ್ಯಾಡಂದ್ಲು, ನಾ ಬ್ಯಾಡಂದೆ. ಯಾರ ಮಾತು ಕೇಳಾವ್ರು ನೀವು?" ಎಂದಳು. ಅವ್ವನ ದರ್ಭೆಯ ಎಳೆಗೆ ನಾನು ಒಳಗೊಳಗೇ ನಕ್ಕಿದ್ದೆ. ಅವಳು ಬೇಡವೆಂದದ್ದಕ್ಕೆ ಕಾರಣ ಬೇರೆಯಿರಬಹುದು, ಆದರೆ ಅಪ್ಪ ಅವಳ ಮಾತು ಕೇಳಿದ್ದರೆ ಕಣ್ಣು ಉಳಿಯುತ್ತಿತ್ತು. ವಿಜ್ಞಾನವನ್ನು ಕೇಳಿ ಹೋಗುತ್ತೇನೆಂದು ಬಂದವರಿಗೆ ವಿಜ್ಞಾನ ಸಿಗಲಿಲ್ಲ, ಅವಸರದಲ್ಲಿದ್ದ ನಾನು ಸಿಕ್ಕೆ.

ಕೆಲವರಿಗೆ ತಿಂಗಳುಗಳಲ್ಲಿ ತಾನಾಗಿ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಪ್ಪನಿಗೆ ಕಲೆಯ ಅಂಚು ಸ್ವಲ್ಪ ತೆಳುವಾಯಿತು, ನಡು ಹಾಗೇ ಉಳಿಯಿತು. ಓದು ನಿಂತಿತು. ಸೂಜಿಯ ಕೆಲಸ ನನಗೆ ಬಂತು. ಅವ್ವನ ಹತ್ತು ಸೂಜಿಗೆ ದಾರ ಹಾಕಿ ದಿಂಬಿಗೆ ಚುಚ್ಚುವಾಗ ಅಪ್ಪ ಪಕ್ಕದಲ್ಲಿ ಕೂತು, ಬೆರಳಿನಿಂದ ಸೂಜಿಗಳನ್ನು ಮುಟ್ಟಿ ಎಣಿಸುತ್ತಿದ್ದರು. ಒಂದು ಕಡಿಮೆಯಿದ್ದರೆ "ಅಕ್ಕಾರ ಪಾಸ್ ಆಗಲಿಲ್ಲ" ಎನ್ನುತ್ತಿದ್ದರು. ಅವರ ಆ ನಗೆಯನ್ನು ನನ್ನಿಂದ ಸಹಿಸಲಾಗುತ್ತಿರಲಿಲ್ಲ, ಎದ್ದು ಅಡಿಗೆಮನೆಗೆ ಹೋಗುತ್ತಿದ್ದೆ.

ದೀಪಾವಳಿಯ ಹೊತ್ತಿಗೆ ಅಪ್ಪ ಒಂದು ಸಂಜೆ ನನ್ನನ್ನು ಬಾಲ್ಕನಿಗೆ ಕರೆದರು. "ಒಂದ ಪ್ರಯೋಗ ಮಾಡೀನಿ, ಕೇಳು. ನಿನ್ನ ನೆಟ್ಟಗ ನೋಡಿದ್ರ ನೀ ಇರೂದಿಲ್ಲ. ನಿನ್ನ ಬಾಜೂಕಿನ ಗ್ವಾಡಿ ನೋಡಿದ್ರ ನೀ ಕಾಣ್ತಿ. ಮೂಗು, ಬಾಯಿ, ಎಲ್ಲಾ. ಮಸಕ ಇರ್ತಾವ, ಆದ್ರ ಇರ್ತಾವ" ಎಂದರು. ಹಾಗೆ ಹೇಳುತ್ತಾ ಮುಖವನ್ನು ಒಂದಿಷ್ಟು ಎಡಕ್ಕೆ ತಿರುಗಿಸಿ, ಗೋಡೆಯನ್ನು ನೋಡುತ್ತಾ ನನ್ನನ್ನು ನೋಡಿದರು. "ಕೂದಲಾ ಭಾಳ ಬೆಳ್ಳಗಾಗ್ಯಾವಲಾ" ಎಂದರು. ಕಣ್ಣಿನ ನಡುಭಾಗ ಸತ್ತರೂ ಅಂಚು ಕೆಲಸ ಮಾಡುತ್ತದೆ ಎಂಬುದು ಪುಸ್ತಕದಲ್ಲಿದೆ. ಅಪ್ಪ ಯಾವ ಪುಸ್ತಕವೂ ಇಲ್ಲದೆ ಅದನ್ನು ಕಂಡುಹಿಡಿದಿದ್ದರು.

ಅಂದಿನಿಂದ ಅವರು ಯಾರನ್ನು ನೋಡಬೇಕಾದರೂ ಮುಖ ತಿರುಗಿಸುತ್ತಿದ್ದರು. ಏಕೆಂದು ಅವ್ವನಿಗೆ ಮಾತ್ರ ಹೇಳಬೇಡವೆಂದಿದ್ದರು. ಎದುರು ಫ್ಲಾಟಿನಾಕೆ ಒಂದು ದಿನ ನನ್ನನ್ನು ತಡೆದು, ನಿಮ್ಮ ತಂದೆಗೆ ನಿಮ್ಮ ಮೇಲೆ ಕೋಪವೇ, ನೀವು ಮಾತಾಡಿಸಿದರೆ ಮುಖವನ್ನೇ ನೋಡುವುದಿಲ್ಲವಲ್ಲ ಎಂದು ತೆಲುಗಿನಲ್ಲಿ ಕೇಳಿದಳು. ಕೋಪ ಮಾಡಿಕೊಂಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಹಾಗೇನಿಲ್ಲ ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡೆ.

ಅದೇ ವಾರ ಧೈರ್ಯ ಮಾಡಿದೆ. ಅವ್ವ ಗುಡಿಗೆ ಹೋಗಿದ್ದಳು. ಅಪ್ಪನ ಎದುರು ಕೂತು, "ಅವತ್ತ ಹೂಂ ಅಂದಾಕಿ ನಾನs ಅಪ್ಪ. ನಡೀತೈತಿ ಅಂದಾಕಿ ನಾನು" ಎಂದೆ.

ಅಪ್ಪ ಗೋಡೆಯ ಕಡೆ ಮುಖ ಮಾಡಿ ನನ್ನನ್ನು ನೋಡಿದರು. "ನಿನ್ನ ಫೋನು ಗದ್ಲಾ ಮಾಡಾಕತ್ತಿತ್ತು. ನೀ ಏನಂದಿ ನನಗ ಕೇಳಿಸಲೇ ಇಲ್ಲ. ನನ್ನ ಮನಸ್ಸಿಗೆ ಬಂದು ಮ್ಯಾಲ ಹೋದೆ" ಎಂದರು.

"ಸುಳ್ಳ ಹೇಳಬ್ಯಾಡ್ರಿ. ಕೆಳಗ ಬಂದು, ನೀ ಹೇಳಿದ್ದು ಖರೆ ಆತು ಅಂದಿದ್ರಿ."

"ನಾ ಹಂಗ ಅಂದಿಲ್ಲ."

"ಅವತ್ತ ಏನ ಕೇಳಾಕ ಬಂದಿದ್ರಿ? 'ನಮ್ಮ ಆ ಮೂರು' ಅಂದ್ರಿ. ಪೂರಾ ಹೇಳ್ರಿ."

"ಮರತೇನಿ" ಎಂದರು. ಎದ್ದು ಗೋಡೆ ಸವರಿಕೊಂಡು ಒಳಗೆ ಹೋದರು. ಮತ್ತೆ ಆ ವಿಷಯ ಎತ್ತಲು ಅವರು ಬಿಡಲಿಲ್ಲ. ಆ ಪ್ರಶ್ನೆ ಏನೆಂದು ನನಗೆ ಗೊತ್ತು. ಈ ಗಾಜು ಸೂರ್ಯನಿಗೆ ನಡೆಯುತ್ತದೆಯೇ, ಇಲ್ಲದಿದ್ದರೆ ನಮ್ಮ ಮೂರು ಉಸಿರಿನ ಪದ್ಧತಿಯಂತೆ ನೋಡಲೇ. ಅಷ್ಟೇ. ಅದಾದರೂ ಪೂರಾ ನನ್ನ ಕಿವಿಗೆ ಬಿದ್ದಿದ್ದರೆ ಮಾಳಿಗೆಗೇ ಬಿಡುತ್ತಿರಲಿಲ್ಲ.

ಶಾಲೆ ತೆರೆದು, ಮತ್ತೆ ಭೂತಗನ್ನಡಿಯ ಪಾಠ ಬಂತು. ಧೋತರದ ಗಂಟನ್ನು ತರಗತಿಗೆ ಒಯ್ದೆ. ಗಾಜನ್ನು ಕೈಯಿಂದ ಕೈಗೆ ಕಳಿಸಿ, ಇದನ್ನು ಹಿಡಿದು ಸೂರ್ಯನನ್ನು ನೋಡಿದ ಒಬ್ಬರ ಕಣ್ಣು ಹೋಯಿತು, ಅವರು ನನ್ನ ತಂದೆ ಎಂದೆ. ಕೊನೆಯ ಬೆಂಚಿನ ಹುಡುಗಿ ಎದ್ದು, ಅವರಿಗೆ ಯಾರೂ ಹೇಳಲಿಲ್ಲವೇ ಟೀಚರ್ ಎಂದಳು. ನಡೆಯುತ್ತದೆ ಎಂದು ಹೇಳಿದವಳು ನಾನೇ ಎಂದೆ. ಆ ನಲವತ್ತು ಮಕ್ಕಳಿಗೆ ಹೇಳಿದ್ದನ್ನು ಅವ್ವನಿಗೆ ಹೇಳಲಾಗಲಿಲ್ಲ. ಹೇಳಿದರೆ ಅಪ್ಪನ ಸುಳ್ಳು ಒಡೆದು ಅವರಿಗೆ ನೋವಾಗುತ್ತದೆ ಎಂದು ನೆಪ ಹೇಳಿಕೊಂಡೆ.

ಹೋದ ವರ್ಷ ಮಳೆಗಾಲದಲ್ಲಿ ಅಪ್ಪನಿಗೆ ನಿಮೋನಿಯಾ ಆಯಿತು. ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಮೂಗಿಗೆ ನಳಿಗೆ ಹಾಕಿದ್ದರು, ಉಬ್ಬಸಕ್ಕೆ ಮಾತು ನಿಂತುಹೋಗಿತ್ತು. ನಾನು ಮಂಚದ ಬಲಗಡೆ ಸ್ಟೂಲಿನ ಮೇಲೆ ಕೂರುತ್ತಿದ್ದೆ, ಅವರು ಮುಖವನ್ನು ಒಂದಿಷ್ಟು ಆಚೆ ಹೊರಳಿಸಿ, ಸಲೈನಿನ ಕಂಬದ ಕಡೆ ಕಣ್ಣಿಟ್ಟು ನನ್ನನ್ನು ನೋಡುತ್ತಿದ್ದರು. ನರ್ಸಮ್ಮ ಒಳ್ಳೆಯವಳು. "ಪೆದ್ದಾಯನಾ, ಮೀ ಅಮ್ಮಾಯಿ ಇಟು ಉಂದಿ" ಎಂದು, ಮಗಳು ಈ ಕಡೆ ಇದ್ದಾಳೆಂದು ಹೇಳಿ, ಅವರ ತಲೆಯನ್ನು ನನ್ನ ಕಡೆ ನೇರ ಮಾಡುತ್ತಿದ್ದಳು. ಅವಳು ಆಚೆ ಹೋದ ಮೇಲೆ ಅಪ್ಪ ಕಷ್ಟಪಟ್ಟು ಮತ್ತೆ ಕಂಬದ ಕಡೆಗೆ ಹೊರಳಿಸಿಕೊಳ್ಳುತ್ತಿದ್ದರು. ನಾನು ಅವಳಿಗೆ ಹಾಗೇ ಬಿಡಿ, ಅವರು ನನ್ನನ್ನೇ ನೋಡುತ್ತಿದ್ದಾರೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ, ಅವ್ವ ಬಂದು ಮಂಚದ ಕಾಲ್ದೆಸೆಯಲ್ಲಿ ಕೂತಿದ್ದಳು. ನರ್ಸಮ್ಮ ದಿಂಬು ಬದಲಿಸಿ, ಎಂದಿನಂತೆ ಅಪ್ಪನ ಮುಖವನ್ನು ನನ್ನ ಕಡೆ ನೆಟ್ಟಗೆ ಮಾಡಿ ಹೋದಳು. ಅಪ್ಪನ ಕಣ್ಣು ನೇರ ನನ್ನ ಮುಖದ ಮೇಲಿತ್ತು. ಅವರು ಹೊರಳಲು ನೋಡಿದರು, ಕುತ್ತಿಗೆಯಲ್ಲಿ ತ್ರಾಣವಿರಲಿಲ್ಲ. ನಾನೇ ಎದ್ದು ಪಕ್ಕಕ್ಕೆ ಸರಿಯಬೇಕು, ಅವರ ನೋಟದ ಅಂಚಿಗೆ ಹೋಗಿ ನಿಲ್ಲಬೇಕು ಎಂದು ಹೊಳೆಯಿತು. ಸ್ಟೂಲು ಹಿಂದೆ ತಳ್ಳಿ ಏಳುವಷ್ಟರಲ್ಲಿ ಅಪ್ಪನ ಉಸಿರು ನಿಂತಿತ್ತು. ನೆಟ್ಟಗೆ ನೋಡಿದರೆ ನೀನು ಇರುವುದಿಲ್ಲ ಎಂದಿದ್ದರು. ಆ ಕೊನೆಯ ಗಳಿಗೆಯಲ್ಲಿ ನಾನು ಅವರಿಗೆ ಇರಲಿಲ್ಲ.

ಅವ್ವ ಎಲ್ಲವನ್ನೂ ಕಾಲ್ದೆಸೆಯಿಂದ ನೋಡಿದ್ದಳು. ಮಾಸಿದ ಕಣ್ಣುಗಳಿಂದ ನನ್ನ ಕಡೆ ತಿರುಗಿದಳು. "ಇಷ್ಟ ದಿನಾ ಮುಖಾ ತಿರುಗಿಸ್ಕೊಂಡ ಮಲಗಿದ್ರು. ಹೋಗೂ ಹೊತ್ತಿಗೆ ನಿನ್ನ ಮುಖಾ ನೆಟ್ಟಗ ನೋಡ್ಕೋತನs ಹ್ವಾದ್ರು. ಕಣ್ತುಂಬ ನೋಡಿ ಹ್ವಾದ್ರಲ್ಲಾ..." ಎಂದು ನಿಲ್ಲಿಸಿದಳು. ಮಾತು ಇನ್ನೂ ಅವಳ ಬಾಯಲ್ಲಿತ್ತು. ನಾನು ಕಾದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಮೂಗು ಒರೆಸಿಕೊಂಡು, "ಹೌದಿಲ್ಲ? ನಿನ್ನನ್ನs ನೋಡಿದ್ರಿಲ್ಲ?" ಎಂದು ಪ್ರಶ್ನೆಯನ್ನು ಪೂರ್ತಿ ಮುಗಿಸಿದಳು.

"ಹೌದವ್ವ, ನನ್ನನ್ನs ನೋಡಿದ್ರು" ಎಂದೆ.